ಅವ್ವನ ಪಾಸ್‌ಪೋರ್ಟ್ ಮುಗಿಯೋಕೆ ಇನ್ನೂ ನಾಲ್ಕೂವರೆ ತಿಂಗಳಿದೆ, ಸಿಂಗಾಪುರಕ್ಕೆ ಬಿಡ್ತಾರಾ?

ಪ್ರಶ್ನೆ: ಸರ್, ನಮ್ಮ ತಂಗಿ ಸಿಂಗಾಪುರದಾಗ ಅದಾಳ, ಡೆಲಿವರಿ ಹತ್ರ ಬಂದೈತಿ. ಬಾಣಂತನಕ್ಕ ಅವ್ವ ಅಪ್ಪ ಇಬ್ಬರನ್ನೂ ಕಳಸಾಕ ಹುಬ್ಬಳ್ಳಿ–ಬೆಂಗಳೂರು–ಸಿಂಗಾಪುರ ಟಿಕೆಟ್ ಮಾಡಿಸೇವಿ, ಹೊರಡಾಕ ಇನ್ನ ಐದು ವಾರ ಐತಿ. ವೀಸಾಕ್ಕ ಅಂತ ಕಾಗದ ತಗದು ನೋಡಿದ್ರ ಅವ್ವನ ಪಾಸ್‌ಪೋರ್ಟ್ ನಾಕೂವರಿ ತಿಂಗಳಿಗೆ ಮುಗಿತೈತಿ. ಹೋಗಿ ಬರೋದು ಎರಡು ತಿಂಗಳ ಮಾತು, ಅಷ್ಟರಾಗ ಮುಗಿಯಂಗಿಲ್ಲಲ್ರಿ, ನಡೀತೈತೇನು? ಇನ್ನೊಂದು, ಅವ್ವನ ಹೆಸರು ಆಧಾರ್‌ನಾಗ ಒಂದು ನಮೂನಿ, ಪಾಸ್‌ಪೋರ್ಟ್‌ನಾಗ ಇನ್ನೊಂದು ನಮೂನಿ ಐತಿ. ನನ್ನ ನಾಕು ವರ್ಷದ ಮಗನೂ ಅಜ್ಜಿ ಜೋಡಿ ಹೊಕ್ಕೀನಿ ಅಂತ ಹಟ ಹಿಡದಾನ, ಅವಂಗೂ ಬ್ಯಾರೆ ಪಾಸ್‌ಪೋರ್ಟ್ ಬೇಕಾ? ಮುಂದ ಅಮೆರಿಕಾದಾಗಿರೋ ಅಣ್ಣನ ಕಡೆನೂ ಅವರನ್ನ ಕಳಸೋದೈತಿ, ಅಲ್ಲೂ ಹಿಂಗೇನಾ?
– ಗದಗಿನಿಂದ ಒಬ್ಬ ಓದುಗರು

ಉತ್ತರ:

ನೇರವಾಗಿ ಹೇಳಿಬಿಡ್ತೀನಿ ಸರ್, ಈ ಪಾಸ್‌ಪೋರ್ಟ್ ಇಟ್ಕೊಂಡು ಅಮ್ಮನೋರನ್ನ ಕಳಿಸಬೇಡಿ, ನಡೆಯಲ್ಲ. ಇವತ್ತೇ ಹೊಸದಕ್ಕೆ ಅರ್ಜಿ ಹಾಕಿ. ಐದು ವಾರ ಇದೆ ಅಂದ್ರೆ ಟೈಮ್ ಇನ್ನೂ ಕೈ ಮೀರಿಲ್ಲ, ಆದ್ರೆ ಒಂದು ದಿನಾನೂ ಸುಮ್ನೆ ಕಳೀಬೇಡಿ, ಟಿಕೆಟ್ ಕ್ಯಾನ್ಸಲ್ ಮಾಡೋಕೂ ಹೋಗ್ಬೇಡಿ, ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ನಿಮ್ಮ ಲೆಕ್ಕ ತಪ್ಪು ಅಂತ ನಾನು ಹೇಳಲ್ಲ, ಎಲ್ಲರೂ ಹಾಗೇ ಲೆಕ್ಕ ಹಾಕೋದು. ಪಾಸ್‌ಪೋರ್ಟ್ ಮೇಲೆ ಒಂದು ತಾರೀಕು ಇದೆ, ಆ ತಾರೀಕಿನೊಳಗೆ ಹೋಗಿ ವಾಪಸ್ ಬಂದ್ರೆ ಆಯ್ತಲ್ಲ ಅಂತ. ಡ್ರೈವಿಂಗ್ ಲೈಸೆನ್ಸ್ ಆಗಲಿ ಇನ್ಶೂರೆನ್ಸ್ ಆಗಲಿ ಹಾಗೇ ತಾನೇ ನಡೆಯೋದು, ಕೊನೇ ದಿನದವರೆಗೂ ಚಾಲ್ತಿ. ಆದ್ರೆ ಪಾಸ್‌ಪೋರ್ಟ್ ವಿಷಯದಲ್ಲಿ ಆ ತಾರೀಕನ್ನ ಕೊಟ್ಟಿರೋದು ನಮ್ಮ ದೇಶ, ಒಳಗೆ ಬಿಡೋದು ಬೇರೆ ದೇಶ, ಅವರು ತಮ್ಮದೇ ಒಂದು ಲೆಕ್ಕ ಇಟ್ಕೊಂಡಿರ್ತಾರೆ. ಸಿಂಗಾಪುರದವರ ಲೆಕ್ಕ 6 ತಿಂಗಳು. ಅಲ್ಲಿ ಇಳಿಯೋ ದಿನಕ್ಕೆ ಪಾಸ್‌ಪೋರ್ಟ್‌ನಲ್ಲಿ ಇನ್ನೂ 6 ತಿಂಗಳು ಉಳಿದಿರಬೇಕು. ಅಮ್ಮನೋರು ಹೊರಡೋ ಹೊತ್ತಿಗೆ ಮೂರೂವರೆ ತಿಂಗಳೂ ಉಳಿದಿರಲ್ಲ. ಮಲೇಷ್ಯಾ, ಇಂಡೋನೇಷ್ಯಾ, ಶ್ರೀಲಂಕಾ, ದುಬೈ ಅಬುಧಾಬಿ ಇರೋ ಯುಎಇ, ಇವೆಲ್ಲ ಇದೇ 6 ತಿಂಗಳ ಗುಂಪಿನವೇ.

ಯಾಕೆ ಹೀಗೆ ಅಂತ ಕೇಳಿದ್ರೆ, ಬಂದೋರು ಅಂದುಕೊಂಡ ದಿನಕ್ಕೇ ವಾಪಸ್ ಹೋಗ್ತಾರೆ ಅಂತ ಯಾವ ದೇಶಕ್ಕೂ ಗ್ಯಾರಂಟಿ ಇರಲ್ಲ. ಹುಷಾರು ತಪ್ಪಿ ಆಸ್ಪತ್ರೆ ಸೇರಬಹುದು, ಫ್ಲೈಟೇ ನಿಂತುಹೋಗಬಹುದು, ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿದುಬಿಟ್ರೆ ಆ ಮನುಷ್ಯನ್ನ ವಾಪಸ್ ಕಳಿಸೋಕೆ ಕೈಯಲ್ಲಿ ಕಾಗದಾನೇ ಇರಲ್ಲ. 2020ರ ಮಾರ್ಚ್‌ನಲ್ಲಿ ನಮ್ಮ ದೇಶದ ಇಂಟರ್‌ನ್ಯಾಷನಲ್ ಫ್ಲೈಟುಗಳು ನಿಂತಿದ್ದು ನೆನಪಿರಬೇಕು ನಿಮಗೆ, ಮತ್ತೆ ಮಾಮೂಲಾಗಿ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ, ಎರಡು ವರ್ಷ. ಮಗಳ ಬಾಣಂತನಕ್ಕೆ ಅಂತ ಹೋದ ಎಷ್ಟೋ ಜನ ತಂದೆ ತಾಯಿ ಅಲ್ಲೇ ಸಿಕ್ಕಿಹಾಕ್ಕೊಂಡಿದ್ರು. ಈ 6 ತಿಂಗಳ ರೂಲ್ ಅದಕ್ಕಿಂತ ಎಷ್ಟೋ ಹಳೇದು, ಆದ್ರೆ ಅದರ ಅರ್ಥ ನನಗೆ ಪೂರ್ತಿ ತಿಳಿದಿದ್ದು ಆಗ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ನಿಮ್ಮನ್ನ ತಡೆಯೋದು ಸಿಂಗಾಪುರದ ಇಮಿಗ್ರೇಷನ್ ಆಫೀಸರ್ ಅಲ್ಲ, ಅಲ್ಲಿವರೆಗೂ ನೀವು ಹೋಗೋದೇ ಇಲ್ಲ. ತಡೆಯೋದು ಇಲ್ಲೇ, ಚೆಕ್‌-ಇನ್ ಕೌಂಟರ್‌ನಲ್ಲಿ. ನಾನು ಬೆಂಗಳೂರಲ್ಲಿ ಹಳೇ ಎಚ್‌ಎಎಲ್ ಏರ್‌ಪೋರ್ಟ್ ಇದ್ದ ಕಾಲದಿಂದ, ಆಮೇಲೆ 2008ರಲ್ಲಿ ದೇವನಹಳ್ಳಿಗೆ ಹೋದ್ಮೇಲೂ, ಸುಮಾರು ವರ್ಷ ಆ ಕೌಂಟರ್ ಹಿಂದೆ ನಿಂತು ಕೆಲಸ ಮಾಡಿದೋನು. ಅಲ್ಲಿ ಏನಾಗುತ್ತೆ ಅಂದ್ರೆ, ಏರ್‌ಲೈನ್ ಸಂಘಟನೆ ಅಯಾಟಾದವರದ್ದು ಟೈಮ್ಯಾಟಿಕ್ ಅಂತ ಒಂದು ಸಿಸ್ಟಮ್ ಇದೆ, ಯಾವ ದೇಶದ ಪಾಸ್‌ಪೋರ್ಟ್, ಎಲ್ಲಿಗೆ ಹೋಗ್ತಿದ್ದಾರೆ, ಯಾವತ್ತು ಮುಗಿಯುತ್ತೆ, ಇಷ್ಟು ಹೊಡೆದ್ರೆ ಬಿಡಬಹುದೋ ಇಲ್ವೋ ಅಂತ ಅದು ತೋರಿಸುತ್ತೆ. ಬೇಡ ಅಂತ ತೋರಿಸಿದ ಮೇಲೂ ಹತ್ತಿಸಿಬಿಟ್ರೆ, ಆ ಪ್ರಯಾಣಿಕರನ್ನ ಅದೇ ಏರ್‌ಲೈನ್ ತನ್ನ ಖರ್ಚಲ್ಲೇ ವಾಪಸ್ ಕರ್ಕೊಂಡು ಬರಬೇಕು, ಮೇಲೆ ದಂಡಾನೂ ಕಟ್ಟಬೇಕು. ನಮ್ಮ ದೇಶದಲ್ಲೂ ಹಾಗೇನೇ, ಸರಿಯಾದ ಕಾಗದ ಇಲ್ಲದೋರನ್ನ ಭಾರತಕ್ಕೆ ಕರ್ಕೊಂಡು ಬರೋ ಏರ್‌ಲೈನ್‌ಗೆ 2000ನೇ ಇಸವಿಯ ಕಾನೂನಲ್ಲಿ 1 ಲಕ್ಷ ರೂಪಾಯಿ ದಂಡ ಇತ್ತು, 2025ರಲ್ಲಿ ಬಂದ ಹೊಸ ಕಾನೂನು ಅದನ್ನ ಇನ್ನೂ ಬಿಗಿ ಮಾಡಿದೆ. ಹಾಗಾಗಿ ಕೌಂಟರ್‌ನಲ್ಲಿ ಕೂತಿರೋ ಹುಡುಗಿಗೆ ನೀವು ಕೈ ಮುಗಿದ್ರೂ, ಅತ್ತರೂ, ಮ್ಯಾನೇಜರ್‌ನ ಕರೆಸಿದ್ರೂ ಅವರ ಕೈಯಲ್ಲಿ ಏನೂ ಇರಲ್ಲ. ಸಿಂಗಾಪುರದಲ್ಲಿ ನಮ್ಮ ಅಳಿಯ ಮಾತಾಡ್ತಾನೆ ಅಂದ್ರೂ ಅಷ್ಟೇ.

ನಾನು ಆ ಕೌಂಟರ್ ಹಿಂದೆ ನಿಂತು ಒಂದು ವಯಸ್ಸಾದ ಜೋಡಿಗೆ ಹೋಗಕ್ಕಾಗಲ್ಲ ಅಂತ ಹೇಳಿದ ರಾತ್ರಿ ಇವತ್ತಿಗೂ ನೆನಪಿದೆ. ಹೆಚ್ಚುಕಮ್ಮಿ ನಿಮ್ಮದೇ ಕೇಸು. ಅಜ್ಜಿ ಕೈಯಲ್ಲಿ ಅಂಟಿನುಂಡೆ ಡಬ್ಬಿ, ಮಗಳಿಗೆ ಅಂತ ಮನೇಲೇ ಮಾಡಿದ್ದು, ಮೆಂತ್ಯದ ಪುಡಿ, ಬಾಣಂತಿ ಲೇಹ್ಯ, ಎಲ್ಲ ಅಚ್ಚುಕಟ್ಟಾಗಿ ಬಟ್ಟೆ ಸುತ್ತಿ ಕಟ್ಟಿದ್ರು. ಪಾಸ್‌ಪೋರ್ಟ್ ಮುಗಿಯೋಕೆ 5 ತಿಂಗಳು 20 ದಿನ ಇತ್ತು. ಹತ್ತು ದಿನದ ಕೊರತೆ. ಅವರು ಜಗಳ ಆಡಲಿಲ್ಲ, ಏನೂ ಅನ್ನಲಿಲ್ಲ, ಟ್ರಾಲಿ ತಳ್ಕೊಂಡು ಪಕ್ಕಕ್ಕೆ ಹೋಗಿ ಕೂತ್ರು, ಬೆಳಗಾಗೋವರೆಗೂ ಅಲ್ಲೇ ಕೂತಿದ್ರು. ಟಿಕೆಟ್ ಬುಕ್ ಮಾಡಿಕೊಟ್ಟೋರು ಯಾರಾದ್ರೂ ಒಬ್ಬರು ಪಾಸ್‌ಪೋರ್ಟಿನ ಆ ಒಂದು ಪುಟ ತಿರುಗಿಸಿ ನೋಡಿದ್ರೆ ಸಾಕಾಗಿತ್ತು. ಆ ಕೆಲಸ ಬಿಟ್ಟು ಈಗ ಜನಕ್ಕೆ ಕಾಗದ ಪತ್ರದ ಸಹಾಯ ಮಾಡ್ತಿದ್ದೀನಲ್ಲ, ಯಾರೇ ಬರಲಿ ಟಿಕೆಟ್ ಮಾತು ಆಮೇಲೆ, ಮೊದಲು ಮನೆಯೋರೆಲ್ಲರ ಪಾಸ್‌ಪೋರ್ಟ್ ಟೇಬಲ್ ಮೇಲಿಡಿ ಅಂತೀನಿ.

ಈಗ ನಿಮ್ಮ ಕೆಲಸಕ್ಕೆ ಬರೋಣ.

ನಮ್ಮಲ್ಲಿ ಪಾಸ್‌ಪೋರ್ಟ್ ರಿನ್ಯೂ ಅಂತ ಬಾಯಲ್ಲಿ ಹೇಳ್ತೀವಿ, ಆದ್ರೆ ಇರೋ ಪುಸ್ತಕಕ್ಕೇ ತಾರೀಕು ಮುಂದೆ ಹಾಕಿ ಕೊಡಲ್ಲ, ಹೊಸ ನಂಬರಿನ ಹೊಸ ಪುಸ್ತಕಾನೇ ಬರುತ್ತೆ, ಅದಕ್ಕೇ ವೆಬ್‌ಸೈಟಲ್ಲಿ ರೀಇಷ್ಯೂ ಅಂತ ಇರುತ್ತೆ, ಅದನ್ನೇ ಆರಿಸ್ಕೊಳ್ಳಿ. ಮುಗಿಯೋಕೆ ಒಂದು ವರ್ಷ ಇರೋವಾಗಲೇ ಅರ್ಜಿ ಹಾಕಬಹುದು, ಇದು ಗೊತ್ತಿಲ್ಲದೆ ಪೂರ್ತಿ ಮುಗೀಲಿ ಅಂತ ಕಾಯ್ತಾ ಕೂರೋರೇ ಜಾಸ್ತಿ. ಹಳೇದರಲ್ಲಿ ಉಳಿದ ತಿಂಗಳು ಹೊಸದಕ್ಕೆ ಸೇರಲ್ಲ, ಅದೊಂದು ನಷ್ಟ ಅನ್ಸಬಹುದು, ಬಿಟ್ಹಾಕಿ. ದೊಡ್ಡೋರಿಗೆ 36 ಪುಟದ್ದು 1500 ರೂಪಾಯಿ, 60 ಪುಟದ್ದು 2000, ಎರಡೂ 10 ವರ್ಷ. ತತ್ಕಾಲ್ ಆದ್ರೆ ಅದರ ಮೇಲೆ ಇನ್ನೂ 2000. ನಿಮ್ಮ ಕೇಸಲ್ಲಿ ನಾನು ತತ್ಕಾಲ್ಲೇ ಹಾಕಿ ಅಂತೀನಿ, ಎರಡು ಸಾವಿರ ಉಳಿಸೋಕೆ ಹೋಗಿ ಟಿಕೆಟ್ ಕಳ್ಕೊಳ್ಳೋದು ಬೇಡ. ಮಾಮೂಲಿ ಅರ್ಜೀಲೂ ಎಷ್ಟೋ ಜನಕ್ಕೆ ಬೇಗ ಬರುತ್ತೆ, ನಿಜ, ಆದ್ರೆ ಪೊಲೀಸ್ ವೆರಿಫಿಕೇಷನ್ ಮೊದಲೇ ಆಗಬೇಕು ಅಂತ ಬಂತು ಅಂದ್ರೆ ಅದಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಯಾರೂ ಮಾತು ಕೊಡಕ್ಕಾಗಲ್ಲ.

ನಿಮಗೆ ಹತ್ತಿರ ಅಂದ್ರೆ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರ. ಅಲ್ಲಿ ಸ್ಲಾಟ್ ದೂರದ ದಿನಕ್ಕೆ ತೋರಿಸಿದ್ರೆ ಕಲಬುರಗಿ, ಬೆಂಗಳೂರಿನ ಲಾಲ್‌ಬಾಗ್, ಮಾರತ್‌ಹಳ್ಳಿ ಕೇಂದ್ರಗಳನ್ನೂ ನೋಡಿ, ಒಂದೇ ಕಡೆ ಅಂಟ್ಕೊಂಡು ಕೂರ್ಬೇಡಿ. ಅರ್ಜಿ ಹಾಕೋದು ವಿದೇಶಾಂಗ ಇಲಾಖೆಯ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಲ್ಲಿ ಮಾತ್ರ. ಗೂಗಲ್‌ನಲ್ಲಿ ಹುಡುಕಿದ್ರೆ ಅದೇ ಥರ ಕಾಣೋ ನಕಲಿ ಸೈಟುಗಳು ಬೇಕಾದಷ್ಟು ಸಿಗುತ್ತವೆ, ದುಡ್ಡು ಹೊಡ್ಕೊಂಡು ಕೂರ್ತವೆ, ಕೊನೇಲಿ ಗವ್ ಡಾಟ್ ಇನ್ ಅಂತ ಇದೆಯಾ ಅಂತ ನೋಡ್ಕೊಳ್ಳಿ. ಅಲ್ಲೇ ಡಾಕ್ಯುಮೆಂಟ್ ಅಡ್ವೈಸರ್ ಅಂತ ಒಂದು ಜಾಗ ಇದೆ, ವಯಸ್ಸು, ತತ್ಕಾಲ್ ಹೌದಾ ಅಲ್ವಾ, ಎಲ್ಲ ಒತ್ತಿದ್ರೆ ನಿಮ್ಮ ಕೇಸಿಗೆ ಯಾವ ಯಾವ ಕಾಗದ ತರಬೇಕು ಅಂತ ಅದೇ ಹೇಳುತ್ತೆ, ಪಕ್ಕದ ಮನೆಯೋರಿಗೆ ಹೋದ ವರ್ಷ ಏನು ಕೇಳಿದ್ರು ಅನ್ನೋದು ಬೇಡ. ಹಳೇ ಪಾಸ್‌ಪೋರ್ಟ್ ಒರಿಜಿನಲ್ ಬೇಕೇ ಬೇಕು, ಅದರ ಮೊದಲ ಎರಡು ಕೊನೇ ಎರಡು ಪುಟದ ಜೆರಾಕ್ಸ್ ಮೇಲೆ ಅಮ್ಮನೋರದ್ದೇ ಸಹಿ ಇರಲಿ. ಅಮ್ಮನೋರೇ ಖುದ್ದಾಗಿ ಹೋಗ್ಬೇಕು, ಫೋಟೋ, ಬೆರಳಚ್ಚು ಅಲ್ಲೇ ತಗೋತಾರೆ. ಪುಸ್ತಕ ಸ್ಪೀಡ್ ಪೋಸ್ಟಲ್ಲಿ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೇ ಬರುತ್ತೆ, ಹಾಗಾಗಿ ಆ ವಾರ ಅಮ್ಮನೋರು ಊರು ಬಿಟ್ಟು ಜಾತ್ರೆ ಮದುವೆ ಅಂತ ಹೋಗೋದು ಬೇಡ.

ಇಲ್ಲಿ ಆಧಾರ್ ಹೆಸರಿನ ತಲೆನೋವು ಬರುತ್ತೆ. ಇದು ನಮ್ಮ ಕಡೆಯ ದೊಡ್ಡ ಸಮಸ್ಯೆ, ಯಾಕಂದ್ರೆ ನಮ್ಮ ಹೆಸರುಗಳು ಈ ಫಾರ್ಮುಗಳಿಗೆ ಅಂತ ಹುಟ್ಟಿದವಲ್ಲ. ಮೈಸೂರು ಬೆಂಗಳೂರು ಕಡೆ ಹೆಸರಿನ ಮುಂದೆ ಒಂದೋ ಎರಡೋ ಇನಿಷಿಯಲ್, ಊರಿಂದು ಒಂದು ಅಪ್ಪಂದು ಒಂದು, ಅಡ್ಡಹೆಸರು ಅನ್ನೋದೇ ಇಲ್ಲ. ನಿಮ್ಮ ಕಡೆ ತನ್ನ ಹೆಸರು, ಅಪ್ಪನ ಹೆಸರೋ ಗಂಡನ ಹೆಸರೋ, ಆಮೇಲೆ ಮನೆತನದ ಹೆಸರು, ಮೂರು ಇರುತ್ತೆ. ಆಧಾರ್ ಮಾಡ್ಸೋವಾಗ ಒಬ್ಬ ಆಪರೇಟರ್ ಹೆಂಗೋ ಬರೆದ, ಬ್ಯಾಂಕಲ್ಲಿ ಇನ್ನೊಬ್ಬ ಇನ್ನೊಂದು ಥರ, ಶಾಂತವ್ವ ಶಾಂತಾ ಆದ್ರು, ಮನೆತನದ ಹೆಸರು ಒಂದು ಅಕ್ಷರಕ್ಕೆ ಇಳೀತು. ಊರಲ್ಲಿ ಇದರಿಂದ ಏನೂ ತೊಂದ್ರೆ ಇರಲ್ಲ, ಏರ್‌ಪೋರ್ಟಲ್ಲಿ ಮಾತ್ರ ಇರುತ್ತೆ.

ವಿದೇಶಕ್ಕೆ ಹೋಗೋವಾಗ ನೋಡೋದು ಪಾಸ್‌ಪೋರ್ಟ್ ಹೆಸರು ಮಾತ್ರ, ಟಿಕೆಟ್ ಹೆಸರು ಅದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು, ವೀಸಾದಲ್ಲೂ ಅದೇ ಇರಬೇಕು. ಆಧಾರ್‌ನಲ್ಲಿ ಹೆಂಗಿದೆ ಅನ್ನೋದು ಸಿಂಗಾಪುರದವರಿಗೆ ಬೇಕಾಗಿಲ್ಲ. ಹಾಗಾಗಿ ಮೊದಲು ಟಿಕೆಟ್ ತೆಗೆದು ನೋಡಿ, ಅದನ್ನ ಆಧಾರ್ ನೋಡಿ ಮಾಡಿಸಿದ್ರೋ ಪಾಸ್‌ಪೋರ್ಟ್ ನೋಡಿ ಮಾಡಿಸಿದ್ರೋ ಅಂತ. ಆಧಾರ್ ನೋಡಿ ಮಾಡಿಸಿದ್ರೆ ಈಗಲೇ ಏರ್‌ಲೈನ್‌ಗೆ ಫೋನ್ ಮಾಡಿ ಹೆಸರು ತಿದ್ದಿಸಿ, ಸಣ್ಣ ತಿದ್ದುಪಡಿ ಆದ್ರೆ ಮಾಡಿಕೊಡ್ತಾರೆ, ಹೊರಡೋ ದಿನ ಕೌಂಟರ್‌ನಲ್ಲಿ ಹೇಳ್ಕೊಳ್ಳೋಣ ಅಂತ ಬಿಡಬೇಡಿ.

ಆಧಾರ್ ಬೇಕಾಗೋದು ಪಾಸ್‌ಪೋರ್ಟ್ ಕೇಂದ್ರದಲ್ಲಿ, ವಿಳಾಸದ ಪುರಾವೆ ಅಂತ. ಅಲ್ಲಿ ಹೆಸರು ಬೇರೆ ಇದ್ರೆ ತಕರಾರು ಬರಬಹುದು. ಅದಕ್ಕೆ ಒಂದು ಸುಲಭದ ದಾರಿ ಇದೆ, ಯಾರೂ ಹೇಳಿರಲ್ಲ ನಿಮಗೆ, ಅಪ್ಪನೋರ ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದು ಅದರ ಕೊನೇ ಪುಟದಲ್ಲಿ ಹೆಂಡತಿ ಹೆಸರು ಅಂತ ಅಮ್ಮನೋರ ಹೆಸರು ಸರಿಯಾಗಿ ಇದ್ದು ವಿಳಾಸಾನೂ ಇವತ್ತಿನದೇ ಆಗಿದ್ರೆ, ಆ ಪಾಸ್‌ಪೋರ್ಟಿನ ಕಾಪೀನೇ ಅಮ್ಮನೋರಿಗೆ ವಿಳಾಸದ ಪುರಾವೆ ಆಗುತ್ತೆ. ವೋಟರ್ ಐಡಿಯಲ್ಲಿ ಹೆಸರು ಸರಿ ಇದ್ರೆ ಅದೂ ಆಗುತ್ತೆ. ಆದ್ರೂ ತತ್ಕಾಲ್‌ಗೆ ಒಂದಕ್ಕಿಂತ ಹೆಚ್ಚು ಗುರುತಿನ ಕಾಗದ ಕೇಳೋದ್ರಿಂದ ಆಧಾರ್ ತಿದ್ದಿಸೋ ಕೆಲಸಾನೂ ಇದರ ಜೊತೆಜೊತೆಗೇ ಶುರು ಮಾಡಿ. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದಕ್ಕೇ ಪಾಸ್‌ಪೋರ್ಟ್ ಎದುರಿಗಿಟ್ಕೊಂಡು ಅದರಲ್ಲಿರೋ ಹಾಗೇ ಬರೆಸಿ. ಯಾವುದನ್ನ ಯಾವುದಕ್ಕೆ ಹೊಂದಿಸಬೇಕು ಅಂತ ಗೊಂದಲ ಬಂದಾಗೆಲ್ಲ ಪಾಸ್‌ಪೋರ್ಟ್‌ನೇ ಗಟ್ಟಿ ಅಂತ ಇಟ್ಕೊಳ್ಳಿ, ಅದರಲ್ಲೇ ತಪ್ಪು ಇದ್ರೆ ಮಾತ್ರ ಬೇರೆ ಮಾತು.

ಪಾಸ್‌ಪೋರ್ಟಲ್ಲಿ ಒಂದೇ ಪದದ ಹೆಸರು ಇರೋರಿಗೆ ಇನ್ನೊಂದು ಎಚ್ಚರಿಕೆ. ಬರೀ ಮಂಜುನಾಥ ಅಂತ ಇದೆ, ಸರ್‌ನೇಮ್ ಜಾಗ ಖಾಲಿ ಅನ್ಕೊಳ್ಳಿ. ಯುಎಇನವರು 2022ರ ನವೆಂಬರ್‌ನಿಂದ ಟೂರಿಸ್ಟ್, ವಿಸಿಟ್ ವೀಸಾದಲ್ಲಿ ಬರೋ ಇಂಥವರನ್ನ ಬಿಡ್ತಾ ಇಲ್ಲ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ಮಾತ್ರ ಒಪ್ಕೋತಾರೆ. ಹಳೇ ಮೈಸೂರು ಕಡೆ ನಮ್ಮ ತಂದೆ ತಾಯಿ ತಲೆಮಾರಿನವರಲ್ಲಿ ಇಂಥ ಪಾಸ್‌ಪೋರ್ಟ್ ತುಂಬಾ ಇದೆ. ರೀಇಷ್ಯೂ ಮಾಡಿಸ್ತಾ ಇದ್ದೀರಿ ಅಂದ್ರೆ ಆ ಸಲಾನೇ ಇನಿಷಿಯಲ್ ಬಿಡಿಸಿ ಸರ್‌ನೇಮ್ ತುಂಬಿಸ್ಬಿಡಿ, ಮುಂದೆ ಹತ್ತು ವರ್ಷ ನೆಮ್ಮದಿ.

ಅಮ್ಮನೋರ ಪಾಸ್‌ಪೋರ್ಟಲ್ಲಿ ಇಸಿಆರ್, ಅಂದ್ರೆ ಕೆಲಸಕ್ಕೆ ವಿದೇಶಕ್ಕೆ ಹೋಗೋ ಮೊದಲು ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು, ಇದೆಯಾ ನೋಡಿ. ಹತ್ತನೇ ಕ್ಲಾಸ್ ಪಾಸಾಗದೋರಿಗೆ ಅದು ಇರುತ್ತೆ. ಅದು ಗಲ್ಫ್, ಮಲೇಷ್ಯಾ ಥರದ 18 ದೇಶಗಳಿಗೆ ಕೆಲಸಕ್ಕೆ ಅಂತ ಹೋಗೋರಿಗೆ ಸಂಬಂಧಪಟ್ಟಿದ್ದು, ಅದರಲ್ಲಿ ಸಿಂಗಾಪುರ ಇಲ್ಲ, ಮಗಳ ಮನೆಗೆ ಹೋಗೋರಿಗೆ ಅಡ್ಡಿ ಇಲ್ಲ. ಆದ್ರೂ 50 ವರ್ಷ ದಾಟಿದೋರಿಗೆ ಆ ಷರತ್ತು ಬೇಕಿಲ್ಲ, ಅರ್ಜಿಯಲ್ಲೇ ನಾನ್ ಇಸಿಆರ್ ಕೇಳಿ ತೆಗೆಸಿ.

ಟಿಕೆಟ್ ಯಾಕೆ ಕ್ಯಾನ್ಸಲ್ ಮಾಡಬೇಡಿ ಅಂದೆ ಅಂದ್ರೆ, ಟಿಕೆಟ್ ಇರೋದು ಹೆಸರಿನ ಮೇಲೆ, ಪಾಸ್‌ಪೋರ್ಟ್ ನಂಬರ್ ಮೇಲಲ್ಲ. ಬುಕಿಂಗ್‌ನಲ್ಲಿ ಹಳೇ ನಂಬರ್ ಕೊಟ್ಟಿದ್ರೂ ಹೊಸ ಪುಸ್ತಕ ಬಂದ್ಮೇಲೆ ಏರ್‌ಲೈನ್ ಆಪ್‌ನಲ್ಲೋ ಚೆಕ್‌-ಇನ್ ಮಾಡೋವಾಗಲೋ ನಂಬರ್ ಬದಲಿಸಿದ್ರೆ ಆಯ್ತು. ವೀಸಾ ಹಾಗಲ್ಲ. ವೀಸಾ ಪಾಸ್‌ಪೋರ್ಟ್ ನಂಬರಿಗೇ ಅಂಟ್ಕೊಂಡಿರುತ್ತೆ. ಅದಕ್ಕೇ ಹಳೇ ನಂಬರ್ ಹಾಕಿ ವೀಸಾ ಅರ್ಜಿ ಕೊಟ್ಟು ಆಮೇಲೆ ಪಾಸ್‌ಪೋರ್ಟ್ ಮಾಡಿಸೋಕೆ ಹೋಗಬೇಡಿ, ಎರಡೂ ಸಲ ದುಡ್ಡು. ಮೊದಲು ಪಾಸ್‌ಪೋರ್ಟ್, ಅದು ಕೈಗೆ ಬಂದ ದಿನವೇ ವೀಸಾ ಅರ್ಜಿ. ಸಿಂಗಾಪುರದ ವೀಸಾ ಫೀಸು 30 ಸಿಂಗಾಪುರ ಡಾಲರ್, ಅವರ ಅಧಿಕೃತ ಏಜೆಂಟರ ಮೂಲಕ ಹಾಕ್ತಾರೆ, ಕಾಗದದ ಸ್ಟಿಕ್ಕರ್ ಇಲ್ಲ, ಇ-ವೀಸಾ. ವೀಸಾ ಎಷ್ಟು ದಿನ ಚಾಲ್ತಿ ಅನ್ನೋದೇ ಬೇರೆ, ಅಲ್ಲಿ ಎಷ್ಟು ದಿನ ಇರಬಹುದು ಅನ್ನೋದೇ ಬೇರೆ ಸರ್, ಇದನ್ನ ತಂಗಿಗೆ ಸರಿಯಾಗಿ ಹೇಳಿ. ಎಷ್ಟು ದಿನ ಅನ್ನೋದು ಅಲ್ಲಿ ಇಳಿದ್ಮೇಲೆ ಅವರು ಕೊಡೋ ವಿಸಿಟ್ ಪಾಸ್‌ನಲ್ಲಿರುತ್ತೆ, ಅದು ಸೀಲ್ ಹೊಡೆಯೋದಲ್ಲ, ಇಮೇಲ್‌ಗೆ ಬರುತ್ತೆ, ನೀವು ಎರಡು ತಿಂಗಳು ಅಂದುಕೊಂಡಿದ್ರೂ ಅವರು ಅದಕ್ಕಿಂತ ಕಮ್ಮಿ ಕೊಟ್ಟಿರಬಹುದು, ಆವಾಗ ಮುಗಿಯೋ ಮೊದಲೇ ಎಕ್ಸ್‌ಟೆನ್ಷನ್ ಕೇಳಬೇಕು. ಇಮೇಲ್ ಐಡಿ ಕೊಡೋವಾಗ ತಂಗಿದೋ ಅಳಿಯಂದೋ ಕೊಡಿ, ಅಮ್ಮನೋರ ಹೆಸರಲ್ಲಿ ಯಾರೂ ತೆಗೆದು ನೋಡದೆ ಇರೋದು ಕೊಡಬೇಡಿ. ಅಲ್ಲಿ ಇಳಿಯೋ ದಿನಾನೂ ಸೇರಿಸಿ ಅದಕ್ಕೆ ಮುಂಚಿನ ಮೂರು ದಿನದೊಳಗೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಆನ್‌ಲೈನಲ್ಲಿ ತುಂಬಬೇಕು, ಅದು ಫ್ರೀ, ಅದಕ್ಕೂ ದುಡ್ಡು ಕೇಳೋ ಸೈಟ್ ಬಂದ್ರೆ ನಕಲಿ ಅಂತ ತಿಳ್ಕೊಳ್ಳಿ.

ಮೊಮ್ಮಗನ ವಿಷಯ. ಹೌದು, ಬೇರೆ ಪಾಸ್‌ಪೋರ್ಟ್ ಬೇಕು. ನಾಲ್ಕು ವರ್ಷ ಅಲ್ಲ, ನಲವತ್ತು ದಿನದ ಮಗೂಗೂ ಬೇಕು, ಅಪ್ಪ ಅಮ್ಮನ ಪಾಸ್‌ಪೋರ್ಟಲ್ಲೇ ಮಗು ಹೆಸರು ಸೇರಿಸ್ತಿದ್ದ ಕಾಲ ಹೋಯ್ತು. ಫೀಸು 1000, ಎಂಟು ವರ್ಷದ ಒಳಗಿನವರಿಗೆ ಹೊಸ ಅರ್ಜಿಗೆ ಶೇಕಡಾ 10 ಕಮ್ಮಿ. ನೀವು ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ ಅನ್ನೋ ಒಪ್ಪಿಗೆ ಫಾರ್ಮ್ ಬೇಕು. ಜನನ ಪ್ರಮಾಣಪತ್ರ ಇದೆಯಲ್ಲ ಅದರಲ್ಲಿ ಮಗುವಿನ ಹೆಸರು ಸೇರಿಸಿದೀರಾ ನೋಡ್ಕೊಳ್ಳಿ, ಎಷ್ಟೋ ಮನೆಗಳಲ್ಲಿ ಹೆಸರಿನ ಜಾಗ ಖಾಲೀನೇ ಇರುತ್ತೆ, ಆಸ್ಪತ್ರೆಯಿಂದ ಬಂದಿದ್ದು ಹಾಗೇ ಬೀರೂಲಿ ಇಟ್ಟಿರ್ತಾರೆ. 2023ರ ಅಕ್ಟೋಬರ್ 1 ಮತ್ತೆ ಆಮೇಲೆ ಹುಟ್ಟಿದ ಮಕ್ಕಳಿಗಂತೂ ಹುಟ್ಟಿದ ತಾರೀಕಿಗೆ ಅದೊಂದೇ ಪುರಾವೆ, ಬೇರೆ ಏನೂ ನಡೆಯಲ್ಲ. ಮಗ ನಿಮ್ಮಿಬ್ಬರನ್ನೂ ಬಿಟ್ಟು ಅಜ್ಜ ಅಜ್ಜಿ ಜೊತೆ ಹೋಗೋದಾದ್ರೆ ನೀವಿಬ್ಬರೂ ಸಹಿ ಮಾಡಿದ ಒಂದು ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಕೈಯಲ್ಲಿಡಿ. ನನ್ನ ಅಭಿಪ್ರಾಯ ಕೇಳಿದ್ರೆ, ಬಾಣಂತಿ ಮನೇಲಿ ಅಮ್ಮನೋರಿಗೆ ಕೆಲಸ ಬೇಕಾದಷ್ಟಿರುತ್ತೆ, ಐದು ವಾರದಲ್ಲಿ ಅವನದ್ದೂ ಪಾಸ್‌ಪೋರ್ಟ್ ವೀಸಾ ಅಂತ ಓಡಾಡೋ ಬದಲು ಅವನದ್ದು ನಿಧಾನಕ್ಕೆ ಮಾಡಿಸಿ, ಮಗುವಿನ ನಾಮಕರಣಕ್ಕೋ ರಜಕ್ಕೋ ನೀವೇ ಕರ್ಕೊಂಡು ಹೋಗಿ. ಆದ್ರೆ ಒಂದು ನೆನಪಿಡಿ, ಮಕ್ಕಳ ಪಾಸ್‌ಪೋರ್ಟ್ 10 ವರ್ಷ ಅಲ್ಲ, 5 ವರ್ಷ. ಕೌಂಟರ್‌ನಲ್ಲಿ ನಾನು ಕಂಡ ಕೇಸುಗಳಲ್ಲಿ ಅಪ್ಪ ಅಮ್ಮಂದು ಸರಿ ಇದ್ದು ಮಗೂದು ಮುಗಿಯೋಕೆ ಬಂದು ಇಡೀ ಮನೆ ಟೂರ್ ನಿಂತಿದ್ದೇ ಜಾಸ್ತಿ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರೋ ಫ್ಲೈಟಿಗೂ ಇಬ್ಬರೂ ಪಾಸ್‌ಪೋರ್ಟೇ ತೋರಿಸಲಿ, ಆಧಾರ್ ತೆಗೆಯೋದೇ ಬೇಡ, ಟಿಕೆಟ್ ಹೆಸರು ಪಾಸ್‌ಪೋರ್ಟ್ ಹೆಸರು ಒಂದೇ ಇರುತ್ತಲ್ಲ, ಗೇಟಲ್ಲಿ ಸಿಐಎಸ್ಎಫ್‌ನೋರು ಮಾತಾಡದೆ ಬಿಡ್ತಾರೆ. ಬರೀ ದೇಶದೊಳಗೆ ಓಡಾಡೋರಿಗೆ ಹೇಳೋದಾದ್ರೆ, ವಿಮಾನಯಾನ ಭದ್ರತೆ ನೋಡ್ಕೊಳ್ಳೋ ಬಿಸಿಎಎಸ್ 2017ರಲ್ಲಿ ಹತ್ತು ಥರದ ಗುರುತಿನ ಕಾಗದ ಆಗುತ್ತೆ ಅಂತ ಹೇಳಿದೆ. ಪಾಸ್‌ಪೋರ್ಟ್, ವೋಟರ್ ಐಡಿ, ಆಧಾರ್ ಅಥವಾ ಎಂಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಇವೆಲ್ಲ ಗೊತ್ತಿರೋವೇ, ಇವುಗಳ ಜೊತೆ ರಾಷ್ಟ್ರೀಕೃತ ಬ್ಯಾಂಕಿನ ಫೋಟೋ ಇರೋ ಪಾಸ್‌ಬುಕ್, ಪಿಂಚಣಿ ಕಾರ್ಡ್, ಅಂಗವಿಕಲರ ಕಾರ್ಡ್, ಸ್ಟೂಡೆಂಟ್ ಐಡಿ ಕೂಡ ಇವೆ. ಊರಿನ ಹಿರಿಯರಿಗೆ ಇದು ಗೊತ್ತಿರಲಿ, ಆಧಾರ್ ಮರೆತು ಬಂದ್ರೂ ಪರ್ಸಲ್ಲಿ ಪ್ಯಾನ್ ಇರುತ್ತೆ. ಆದ್ರೆ ವಾಟ್ಸಾಪಲ್ಲಿ ಮಗ ಕಳಿಸಿದ ಆಧಾರ್ ಫೋಟೋ ತೋರಿಸಿದ್ರೆ ಒಪ್ಪಲ್ಲ, ಫೋನಲ್ಲಿ ತೋರಿಸೋದಾದ್ರೆ ಎಂಆಧಾರ್ ಆಪ್‌ನಲ್ಲೋ ಡಿಜಿಲಾಕರ್‌ನಲ್ಲೋ ತೆರೆದು ತೋರಿಸ್ಬೇಕು. ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂತು, ಮುಖ ತೋರಿಸಿ ಒಳಗೆ ಹೋಗೋದು, ಕ್ಯೂ ಕಮ್ಮಿ ಅನ್ನೋದು ನಿಜ, ಆದ್ರೆ ಅದು ಕಡ್ಡಾಯ ಅಲ್ಲ, ಅದಿದ್ರೂ ಐಡಿ ಜೇಬಲ್ಲಿರಲಿ. ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಎಲ್ಲ 2023ರ ಸೆಪ್ಟೆಂಬರ್ 12ರಿಂದ ಟರ್ಮಿನಲ್ 2, ಹುಬ್ಬಳ್ಳಿಯಿಂದ ಬಂದ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದ್ರೆ ನಡುವೆ ಶಟಲ್ ಬಸ್ಸಲ್ಲಿ ಹೋಗ್ಬೇಕು, ವಯಸ್ಸಾದೋರು, ಹಾಗಾಗಿ ನಡುವೆ ಕನಿಷ್ಠ ನಾಲ್ಕೈದು ಗಂಟೆ ಇರೋ ಹಾಗೆ ನೋಡ್ಕೊಳ್ಳಿ. ಎರಡೂ ಫ್ಲೈಟ್ ಒಂದೇ ಪಿಎನ್‌ಆರ್‌ನಲ್ಲಿದ್ರೆ ಪಾಸ್‌ಪೋರ್ಟ್ ವೀಸಾ ಹುಬ್ಬಳ್ಳಿ ಕೌಂಟರಲ್ಲೇ ಕೇಳಬಹುದು, ಬೆಂಗಳೂರಲ್ಲಿ ತಾನೇ ಅಂತ ಲಗೇಜ್ ಒಳಗೆ ತುರುಕಿಬಿಡಬೇಡಿ.

ಅಪ್ಪನೋರ ಪಾಸ್‌ಪೋರ್ಟ್ ತಾರೀಕು ಸರಿ ಇದೆ ಅಂತ ಸುಮ್ಮನಾಗ್ಬೇಡಿ, ಪುಸ್ತಕ ಹೆಂಗಿದೆ ಅಂತಾನೂ ನೋಡಿ. ನೀರು ಬಿದ್ದು ಉಬ್ಬಿದೆಯಾ, ಫೋಟೋ ಪುಟದ ಲ್ಯಾಮಿನೇಷನ್ ಎದ್ದಿದೆಯಾ, ಹೊಲಿಗೆ ಬಿಟ್ಟಿದೆಯಾ, ಮಕ್ಕಳು ಪೆನ್ನಲ್ಲಿ ಗೀಚಿದ್ದಾರಾ, ಯಾರಾದ್ರೂ ಫೋನ್ ನಂಬರ್ ಬರೆದಿಟ್ಟಿದ್ದಾರಾ. ಡ್ಯಾಮೇಜ್ ಆದ ಪಾಸ್‌ಪೋರ್ಟ್ ಅಂತ ಕೌಂಟರ್‌ನಲ್ಲೇ ನಿಲ್ಲಿಸಿದ ಉದಾಹರಣೆ ಬೇಕಾದಷ್ಟಿದೆ. ಅದನ್ನ ಬದಲಿಸೋಕೆ 3000 ರೂಪಾಯಿ.

ಇನ್ನು ಅಮೆರಿಕಾ. ಅಲ್ಲಿ ಕತೆ ಬೇರೆ, ಸ್ವಲ್ಪ ವಿವರವಾಗಿ ಹೇಳ್ತೀನಿ ಯಾಕಂದ್ರೆ ಇಲ್ಲಿ ಏಟು ಬೀಳೋದು ಕೌಂಟರ್‌ನಲ್ಲಿ ಅಲ್ಲ, ತಿಂಗಳುಗಟ್ಟಲೆ ಆದ್ಮೇಲೆ. ಅಮೆರಿಕಾದವರಿಗೂ 6 ತಿಂಗಳ ನಿಯಮ ಇದೆ, ಆದ್ರೆ ಕೆಲವು ದೇಶಗಳಿಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ, ಆ ಪಟ್ಟಿಯಲ್ಲಿ ಭಾರತ ಇದೆ. ಅಂದ್ರೆ ಅಲ್ಲಿ ಇರೋವಷ್ಟು ದಿನ ಪಾಸ್‌ಪೋರ್ಟ್ ಚಾಲ್ತಿ ಇದ್ರೆ ಸಾಕು. ಕೇಳೋಕೆ ಚೆನ್ನಾಗಿದೆ, ಆದ್ರೆ ಅಲ್ಲಿ ಇಳಿದಾಗ ಐ-94 ಅಂತ ಒಂದು ದಾಖಲೆ ಮಾಡ್ತಾರೆ, ಯಾವ ದಿನದವರೆಗೆ ಇರಬಹುದು ಅನ್ನೋದು ಅದರಲ್ಲಿರುತ್ತೆ. ತಂದೆ ತಾಯಿಗೆ ಸಾಮಾನ್ಯವಾಗಿ 6 ತಿಂಗಳು ಕೊಡ್ತಾರೆ, ಆದ್ರೆ ಪಾಸ್‌ಪೋರ್ಟ್ ಮೂರೇ ತಿಂಗಳಲ್ಲಿ ಮುಗಿಯುತ್ತೆ ಅಂದ್ರೆ ಐ-94 ಕೂಡ ಆ ದಿನಕ್ಕೇ ಕತ್ತರಿಸಿಬಿಡ್ತಾರೆ. ಬಾಯಲ್ಲಿ ಹೇಳಲ್ಲ. ಇವರು ಆರು ತಿಂಗಳು ಅನ್ಕೊಂಡು ಆರಾಮಾಗಿ ಇರ್ತಾರೆ, ಗೊತ್ತಾಗೋ ಹೊತ್ತಿಗೆ ಓವರ್‌ಸ್ಟೇ ಆಗಿರುತ್ತೆ, ಮುಂದಿನ ವೀಸಾಕ್ಕೆ ಅದು ಕಪ್ಪು ಚುಕ್ಕೆ. ನಿಮ್ಮ ಅಣ್ಣನಿಗೂ ಇದನ್ನ ಹೇಳಿ, ಎಚ್-1ಬಿ ಅನ್ನೋ ಕೆಲಸದ ವೀಸಾದಲ್ಲಿ ಇರೋರು ಊರಿಗೆ ಬಂದು ವಾಪಸ್ ಹೋದಾಗ ವೀಸಾ ಪೇಪರಲ್ಲಿ ಎರಡು ವರ್ಷ ಇರುತ್ತೆ, ಪಾಸ್‌ಪೋರ್ಟ್ ಎಂಟು ತಿಂಗಳಲ್ಲಿ ಮುಗಿಯುತ್ತೆ, ಐ-94 ಎಂಟು ತಿಂಗಳಿಗೇ ನಿಲ್ಲುತ್ತೆ, ಆಫೀಸು ಕೆಲಸದ ಗಡಿಬಿಡೀಲಿ ಯಾರೂ ತೆಗೆದು ನೋಡಲ್ಲ. ಇಳಿದ ವಾರದೊಳಗೆ ಅಲ್ಲಿನ ಸರ್ಕಾರಿ ಐ-94 ವೆಬ್‌ಸೈಟಲ್ಲಿ ತಾರೀಕು ನೋಡ್ಕೊಳ್ಳಲೇಬೇಕು.

ಅಮೆರಿಕಾ ವೀಸಾ ಹಳೇ ಪಾಸ್‌ಪೋರ್ಟಲ್ಲಿ ಇನ್ನೂ ಚಾಲ್ತಿ ಇದ್ರೆ ಅದು ಸಾಯಲ್ಲ, ಹಳೇದು ಹೊಸದು ಎರಡನ್ನೂ ಹಿಡ್ಕೊಂಡು ಹೋಗ್ಬೇಕು. ಹಳೇ ಪುಸ್ತಕದ ಮೂಲೆ ಕತ್ತರಿಸಿ ಕ್ಯಾನ್ಸಲ್ ಅಂತ ಕೊಟ್ಟಿರ್ತಾರಲ್ಲ, ಅದನ್ನ ನೋಡಿ ಇನ್ನು ಇದು ವೇಸ್ಟ್ ಅಂತ ಎಸೆದೋರನ್ನೂ ನೋಡಿದೀನಿ. ಎಸೀಬೇಡಿ. ಯುರೋಪಿನ ಷೆಂಗನ್ ದೇಶಗಳಿಗೆ ಅಲ್ಲಿಂದ ಹೊರಡೋ ದಿನದಿಂದ ಮುಂದಕ್ಕೆ 3 ತಿಂಗಳು ಉಳಿದಿರಬೇಕು, ಎರಡು ಪುಟ ಖಾಲಿ ಇರಬೇಕು. ಬ್ರಿಟನ್‌ಗೆ ಅಲ್ಲಿ ಇರೋ ದಿನಗಳಿಗೆ ಚಾಲ್ತಿ ಇದ್ರೆ ಆಯ್ತು. ನೇಪಾಳಕ್ಕೆ ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟೇ ಬೇಕು ಅಂತಿಲ್ಲ, ವೋಟರ್ ಐಡಿ ಆಗುತ್ತೆ, ಆಧಾರ್ ಮಾತ್ರ ಎಲ್ಲರಿಗೂ ಆಗಲ್ಲ, 15 ವರ್ಷದ ಒಳಗಿನವರಿಗೆ ಮತ್ತೆ 65 ದಾಟಿದವರಿಗೆ ಮಾತ್ರ. ಪಶುಪತಿನಾಥ, ಮುಕ್ತಿನಾಥ ಅಂತ ಗುಂಪಲ್ಲಿ ಹೋಗೋರು ಇಲ್ಲೇ ಎಡವೋದು, ಎಲ್ಲರ ಹತ್ರಾನೂ ಆಧಾರ್ ಇರುತ್ತೆ, ಐವತ್ತರ ಆಸುಪಾಸಿನವರು ವಾಪಸ್ ಬರ್ತಾರೆ.

ಈಗ ನಿಮ್ಮ ಐದು ವಾರ. ಈ ವಾರ ಅರ್ಜಿ ಮತ್ತೆ ಅಪಾಯಿಂಟ್‌ಮೆಂಟ್, ಮುಂದಿನ ವಾರದೊಳಗೆ ಪುಸ್ತಕ ಕೈಗೆ, ಅದೇ ದಿನ ವೀಸಾ ಅರ್ಜಿ. ಮೂರನೇ ವಾರ ಮುಗಿಯೋ ಹೊತ್ತಿಗೂ ಹೊಸ ಪಾಸ್‌ಪೋರ್ಟ್ ಬಂದಿಲ್ಲ ಅಂದ್ರೆ ಕಾಯಬೇಡಿ, ಏರ್‌ಲೈನ್‌ಗೆ ಫೋನ್ ಮಾಡಿ ಇಬ್ಬರದ್ದೂ ತಾರೀಕು ಮುಂದೆ ಹಾಕಿಸಿ, ಆವಾಗ ಬದಲಾವಣೆ ಫೀಸು ಮಾತ್ರ ಹೋಗುತ್ತೆ, ಹೊರಡೋ ದಿನ ಕೌಂಟರ್‌ನಲ್ಲಿ ವಾಪಸ್ ಬಂದ್ರೆ ಪೂರ್ತಿ ಟಿಕೆಟ್ಟೇ ಹೋಗಬಹುದು. ಅಪ್ಪನೋರನ್ನ ಒಬ್ಬರನ್ನೇ ಮೊದಲು ಕಳಿಸೋಣ ಅಂತ ಯೋಚನೆ ಬಂದ್ರೆ ಅದು ಬೇಡ, ತಂಗಿಗೆ ಈಗ ಬೇಕಾಗಿರೋದು ಅಮ್ಮ. ಅವರು ಹತ್ತು ದಿನ ತಡವಾಗಿ ಹೋದ್ರೂ ಸರಿ, ಜೊತೇಲೇ ಹೋಗ್ಲಿ. ಡೆಲಿವರಿ ಅದಕ್ಕೂ ಮೊದಲೇ ಆಗೋ ಹಾಗಿದ್ರೆ ಆ ಹತ್ತು ದಿನಕ್ಕೆ ಅಲ್ಲಿ ಯಾರಾದ್ರೂ ಗುರುತಿನೋರು ಇದ್ದಾರಾ ಅಂತ ತಂಗಿಗೆ ಈಗಲೇ ಕೇಳಿಡಿ.